ಮನಸ್ಸಿನ ರೋಗಕ್ಕೆ ವಕೀಲರ ಮದ್ದೇ?

ಪ್ರಶ್ನೆ: ಅಮೆರಿಕದ ವರ್ಣದ್ವೇಷ ಜನರ ಮನಸ್ಸಿನೊಳಗಿನ ರೋಗ. ಅದಕ್ಕೆ ವಕೀಲರು, ಕಾನೂನು ಅಧ್ಯಾಪಕರು ಏನು ಮಾಡಿಯಾರು?

ಉತ್ತರ: ದ್ವೇಷ ಮನಸ್ಸಿನಲ್ಲಿರಬಹುದು. ಆದರೆ ಲೂಸಿಯಾನಾದ ರೈಲುಗಳಲ್ಲಿ ಬಣ್ಣ ನೋಡಿ ಡಬ್ಬಿ ಬೇರೆ ಮಾಡಿದ್ದು ಶಾಸನ. ಕೋರ್ಟಿನಲ್ಲಿ ಅದರ ಪರ ವಾದಿಸಿದವರು, 1896ರಲ್ಲಿ ‘ಪ್ರತ್ಯೇಕ, ಆದರೆ ಸಮಾನ’ ಎಂದು ಅದಕ್ಕೆ ಮುದ್ರೆ ಒತ್ತಿದವರು ಎಲ್ಲರೂ ಕಾನೂನು ಓದಿದವರೇ. ಗಂಟು ಹಾಕಿದ ಕಸುಬಿನವರೇ ಅದನ್ನು ಬಿಚ್ಚಬೇಕಾಯಿತು.

ಬಿಚ್ಚುವ ಕೆಲಸ ಗಟ್ಟಿಯಾಗಿ ಶುರುವಾದದ್ದು ಒಂದು ತರಗತಿಯಲ್ಲಿ. ಕಪ್ಪು ಜನರ ವಿದ್ಯಾಕೇಂದ್ರವಾಗಿದ್ದ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಹೊಣೆಯನ್ನು ಕಪ್ಪು ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ವಹಿಸಿಕೊಂಡಾಗ ಅದು ಸಂಜೆ ಹೊತ್ತು ನಡೆಯುವ ಶಾಲೆಯೆಂದೇ ಹೆಸರಾಗಿತ್ತು. ಅವರು ಅದನ್ನು ಹಗಲಿನ ಪೂರ್ಣಾವಧಿ ಶಾಲೆಯಾಗಿಸಿದರು. ಸಮಾಜವನ್ನು ತಿದ್ದದ ವಕೀಲ ಪರಾವಲಂಬಿ ಜೀವಿ ಎಂಬುದು ಅವರ ಪಾಠ. ಕ್ಯಾಮೆರಾ ಹಿಡಿದು ದಕ್ಷಿಣದ ರಾಜ್ಯಗಳಿಗೆ ಹೋಗಿ ಬಿಳಿಯರ ಶಾಲೆ, ಕಪ್ಪು ಮಕ್ಕಳ ಶಾಲೆ ಎರಡನ್ನೂ ಚಿತ್ರೀಕರಿಸಿ ತಂದರು. ‘ಸಮಾನ’ ಎಂಬ ಮಾತನ್ನು ಸುಳ್ಳೆನ್ನಲು ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಅವರ ಶಿಷ್ಯ ಥರ್‌ಗುಡ್ ಮಾರ್ಷಲ್. ಸ್ವಂತ ರಾಜ್ಯವಾದ ಮೇರಿಲ್ಯಾಂಡ್‌ನ ಕಾನೂನು ಶಾಲೆ ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. 1935ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಮೊಕದ್ದಮೆ ನಡೆಸಿ ಅದೇ ಶಾಲೆಯ ಬಾಗಿಲು ತೆರೆಸಿದರು. ಕಾನೂನು ಶಾಲೆಗಳನ್ನೇ ಗುರಿಯಾಗಿ ಆರಿಸಿದ್ದರಲ್ಲಿ ಜಾಣತನವಿತ್ತು: ಒಳ್ಳೆಯ ಕಾನೂನು ಶಾಲೆ ಎಂದರೇನೆಂದು ನ್ಯಾಯಾಧೀಶರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟೆಕ್ಸಾಸ್ ರಾಜ್ಯ ಕಪ್ಪು ವಿದ್ಯಾರ್ಥಿಗಳಿಗೆಂದು ತರಾತುರಿಯಲ್ಲಿ ನೆಲಮಾಳಿಗೆಯೊಂದರಲ್ಲಿ ‘ಪ್ರತ್ಯೇಕ’ ಕಾನೂನು ಶಾಲೆ ತೆರೆದಿತ್ತು. ನಾಳೆ ಎದುರಾಗುವ ವಕೀಲರು, ಸಾಕ್ಷಿಗಳು, ನ್ಯಾಯಾಧೀಶರು ಬಹುತೇಕ ಯಾರಿಂದ ಬರುತ್ತಾರೋ ರಾಜ್ಯದ ಆ ಶೇ. 85ರಷ್ಟು ಜನರಿಂದ ವಿದ್ಯಾರ್ಥಿಯನ್ನು ದೂರವಿಡುವ ಶಾಲೆ ಸಮಾನವಾಗದು ಎಂದು ಸುಪ್ರೀಂ ಕೋರ್ಟ್ 1950ರಲ್ಲಿ ಹೇಳಿತು. ನಾಲ್ಕು ವರ್ಷಗಳ ನಂತರ ಬ್ರೌನ್ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಸರ್ಕಾರಿ ಶಾಲೆಗಳ ಪ್ರತ್ಯೇಕತೆಯನ್ನು ತಳ್ಳಿಹಾಕಿದರು. ಅದನ್ನು ನೋಡಲು ಹೂಸ್ಟನ್ ಇರಲಿಲ್ಲ, 1950ರಲ್ಲೇ ತೀರಿಕೊಂಡಿದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ವಕೀಲರ ಹೊಗಳಿಕೆಯಾದೀತು. ನನಗೆ ಹೆಚ್ಚು ಮುಖ್ಯವೆನಿಸುವುದು ಡೆರಿಕ್ ಬೆಲ್ ಎತ್ತಿದ ತಕರಾರು. ಶಾಲೆಗಳ ಪ್ರತ್ಯೇಕತೆಯ ವಿರುದ್ಧ ಸ್ವತಃ ಮೊಕದ್ದಮೆಗಳನ್ನು ನಡೆಸಿ, ಆಮೇಲೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದ ಅವರು 1976ರಲ್ಲಿ ಕೇಳಿದ್ದು ಇಷ್ಟು: ಕಪ್ಪು ಮಕ್ಕಳ ತಂದೆತಾಯಿಗಳಿಗೆ ಬೇಕಿದ್ದದ್ದು ಒಳ್ಳೆಯ ಶಾಲೆ, ವಕೀಲರು ಹಟ ಹಿಡಿದದ್ದು ಕಪ್ಪು-ಬಿಳಿ ಮಕ್ಕಳ ಮಿಶ್ರ ಶಾಲೆಗೆ. ಹಾಗಾದರೆ ವಕೀಲ ಯಾರ ಸೇವಕ, ಕಕ್ಷಿದಾರನದೋ ತನ್ನ ಆದರ್ಶದ್ದೋ? ಈ ಪ್ರಶ್ನೆಯನ್ನು ಕೋರ್ಟು ಕೇಳುವುದಿಲ್ಲ, ಮೇಷ್ಟರೇ ಕೇಳಬೇಕು.

ಇನ್ನು ದಿನನಿತ್ಯದ ವಕೀಲಿ. ಮೊಕದ್ದಮೆ ಕೇಳಿ ತೀರ್ಪು ಹೇಳಲು ಕರೆಸುವ ಸಾಮಾನ್ಯ ನಾಗರಿಕರಲ್ಲಿ, ಅಂದರೆ ಜ್ಯೂರಿಗಳಲ್ಲಿ, ಕೆಲವರನ್ನು ಕಾರಣ ಕೊಡದೆ ಕೈಬಿಡುವ ಹಕ್ಕು ಅಲ್ಲಿನ ಬಹುತೇಕ ಕಡೆ ವಕೀಲರಿಗಿದೆ. ಅದನ್ನು ಬಣ್ಣ ನೋಡಿ ಬಳಸಕೂಡದೆಂದು ಸುಪ್ರೀಂ ಕೋರ್ಟ್ 1986ರಲ್ಲಿ ತಡೆಯಿತು. ಆ ಹೊತ್ತಿಗೆ ಅಲ್ಲಿನ ನ್ಯಾಯಮೂರ್ತಿಯಾಗಿದ್ದ ಮಾರ್ಷಲ್‌ಗೆ ಅಷ್ಟು ಸಾಲಲಿಲ್ಲ. ನೆಪ ಹುಡುಕುವುದು ವಕೀಲರಿಗೆ ಕಷ್ಟವಲ್ಲ, ಆ ಹಕ್ಕೇ ಹೋಗಬೇಕು ಎಂಬುದು ಅವರ ನಿಲುವು. ಅರಿಜೋನಾ ರಾಜ್ಯದಲ್ಲಿ ಅದು ರದ್ದಾದದ್ದು 2022ರಿಂದ.