ಬಿಲಕ್ಕೆ ಹುಟ್ಟಿದ ನಾಯಿ, ಮುಂಬಯಿಯ ಫ್ಲ್ಯಾಟಿನಲ್ಲಿ

ಪೂರ್ತಿ ಬೆಳೆದ ಜಾಕ್ ರಸೆಲ್ ಟೆರಿಯರ್ ನಾಯಿಯನ್ನು ಮುಂಗಾಲುಗಳ ಹಿಂದೆ ಎರಡೂ ಕೈಯಿಂದ ಸುತ್ತಿ ಹಿಡಿದು ನೋಡಿ. ಹೆಬ್ಬೆರಳುಗಳು ಬೆನ್ನ ಮೇಲೆ, ಉಳಿದ ಬೆರಳುಗಳು ಎದೆಯ ಕೆಳಗೆ ಒಂದನ್ನೊಂದು ಮುಟ್ಟಬೇಕು. ಟೇಪು ಹಿಡಿದರೆ 40ರಿಂದ 43 ಸೆಂಟಿಮೀಟರ್. ಎತ್ತರ 25ರಿಂದ 30, ತೂಕ ಪ್ರತಿ 5 ಸೆಂಟಿಮೀಟರ್ ಎತ್ತರಕ್ಕೆ ಒಂದು ಕಿಲೋ. ಈ ಅಳತೆ ಚಂದಕ್ಕಾಗಿ ಬಂದದ್ದಲ್ಲ. ನರಿಯ ಬಿಲದೊಳಗೆ ನುಗ್ಗಿ, ಸಿಕ್ಕಿಕೊಳ್ಳದೆ ಹೊರಬರಬೇಕಾದ ಮೈಯಿದು.

ಇಂಗ್ಲೆಂಡಿನ ಡೆವನ್ ಸೀಮೆಯ ಪಾದ್ರಿ ಜಾನ್ ರಸೆಲ್ (1795–1883) ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲಿನವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣು ನಾಯಿಯನ್ನು ಕೊಂಡರು. ಬಿಳಿ ಮೈ, ಕಣ್ಣು ಕಿವಿಗಳ ಮೇಲೆ ಕಂದು, ಬಾಲದ ಬುಡದಲ್ಲಿ ನಾಣ್ಯದಷ್ಟು ಒಂದು ಮಚ್ಚೆ. ತಳಿಯ ಮೂಲ ಅವಳೇ. ಬಿಳಿ ಬಣ್ಣಕ್ಕೂ ಕಾರಣವಿತ್ತು. ಬಿಲದಿಂದ ಈಚೆ ಬರುವುದು ನರಿಯೋ ಟೆರಿಯರೋ ಎಂದು ಬೇಟೆನಾಯಿಗಳ ಹಿಂಡಿಗೆ ತಕ್ಷಣ ತಿಳಿಯಬೇಕಿತ್ತು. ರಸೆಲ್‌ರಿಗೆ ನರಿಯನ್ನು ಕೊಲ್ಲುವ ನಾಯಿ ಬೇಕಿರಲಿಲ್ಲ, ಹೆದರಿಸಿ ಹೊರಗಟ್ಟುವ ನಾಯಿ ಬೇಕಿತ್ತು. ಗಿಡ್ಡ ಕಾಲಿನ ಇಂದಿನ ಮಾದರಿ ರೂಪುಗೊಂಡದ್ದು ಆಸ್ಟ್ರೇಲಿಯಾದಲ್ಲಿ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಅದಕ್ಕೆ ಮಾನ್ಯತೆ ಕೊಟ್ಟದ್ದು 2000ದಲ್ಲಿ.

ಇಷ್ಟು ತಿಳಿದರೆ ಅದರ ಸ್ವಭಾವ ಅರ್ಥವಾಗುತ್ತದೆ. ನೆಲದಡಿಯ ಕತ್ತಲಲ್ಲಿ ಯಜಮಾನನ ಅಪ್ಪಣೆ ಕೇಳಿಸುವುದಿಲ್ಲ. ಏನು ಮಾಡಬೇಕೆಂದು ನಾಯಿ ತಾನೇ ತೀರ್ಮಾನಿಸಬೇಕು. ಮೇಲಿದ್ದವರಿಗೆ ಅದು ಎಲ್ಲಿದೆ ಎಂದು ತಿಳಿಯುತ್ತಿದ್ದುದು ಬೊಗಳುವಿಕೆಯಿಂದಲೇ. ಆ ಸದ್ದಿನ ಜಾಡು ಹಿಡಿದು ಅಗೆಯುತ್ತಿದ್ದರು. ಆದ್ದರಿಂದ ಮುಲುಂಡಿನ ಏಳನೇ ಮಹಡಿಯಲ್ಲಿ ಲಿಫ್ಟ್ ಸದ್ದಾದಾಗಲೆಲ್ಲ ಬೊಗಳುವ ಜಾಕ್ ರಸೆಲ್ ಕೆಟ್ಟ ನಾಯಿಯಲ್ಲ. ಅದಕ್ಕೆ ಕೆಲಸವಿಲ್ಲ, ಅಷ್ಟೆ. ಸೋಫಾ ಹರಿಯುವುದೂ ಇದೇ ಕಾರಣಕ್ಕೆ. ಬೈದರೆ ಸರಿಹೋಗದು.

ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಅರ್ಧದಷ್ಟು ಮರಳು ತುಂಬಿ ಬಾಲ್ಕನಿಯಲ್ಲಿಡಿ. ದಿನದ ಊಟದ ಕಾಲು ಭಾಗವನ್ನು ಅದರಲ್ಲಿ ಹೂತುಬಿಡಿ, ಅಗೆದು ತಿನ್ನಲಿ. ಉಳಿದದ್ದರಲ್ಲಿ ಒಂದಿಷ್ಟನ್ನು ಹಳೆ ಟವೆಲಿನಲ್ಲಿ ಸುತ್ತಿ, ಆ ಟವೆಲನ್ನು ರಟ್ಟಿನ ಪೆಟ್ಟಿಗೆಯೊಳಗೆ ತುರುಕಿ ಕೊಡಿ. ಹತ್ತು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ನಾಯಿ ಎಷ್ಟು ತಣ್ಣಗಾಗುತ್ತದೆ ಎಂಬುದು ನೋಡಿದವರಿಗೇ ಗೊತ್ತು. ಜೊತೆಗೆ ಬೆಳಿಗ್ಗೆ ಸಂಜೆ ಮುಕ್ಕಾಲು ಗಂಟೆ ನಡಿಗೆ. ಬೇಸಗೆಯಲ್ಲಿ ಬೆಳಗಿನ ಏಳರೊಳಗೆ ಮುಗಿಸಿ. ಬೀದಿಯಲ್ಲಿ ಎಂದೂ ಹಗ್ಗ ಬಿಚ್ಚಬೇಡಿ. ಬೆಕ್ಕೊಂದು ಅಡ್ಡ ಬಂದರೆ ನೀವು ಕರೆದದ್ದು ಅದರ ಕಿವಿಗೆ ಬೀಳುವುದಿಲ್ಲ.

ಮುಂಬಯಿಯಲ್ಲಿ ನರಿಯ ಜಾಗದಲ್ಲಿ ಹೆಗ್ಗಣವಿದೆ. ನೆರೆಯ ಮರಾಠಿಯವರು ಘೂಸ್ ಎನ್ನುವುದು ಇದನ್ನೇ. ಸೊಸೈಟಿಯ ಕಾಂಪೌಂಡ್ ಗೋಡೆಯ ಬುಡದಲ್ಲಿ, ಗಟಾರದ ಮುಚ್ಚಳದ ಪಕ್ಕದಲ್ಲಿ, ಹೊಸ ಮಣ್ಣು ಗುಡ್ಡೆಯಾಗಿರುವ ತೂತು ಕಂಡರೆ ಟೆರಿಯರ್ ಮೂಗು ತೂರಿಸದೆ ಬಿಡದು. ಅಪಾಯ ಹೆಗ್ಗಣದ ಹಲ್ಲಿಗಿಂತ ಅದರ ಮೂತ್ರದಲ್ಲಿ ಹೆಚ್ಚು. ಇಲಿಜ್ವರದ ರೋಗಾಣು ಲೆಪ್ಟೊಸ್ಪೈರಾ ಇಲಿ ಹೆಗ್ಗಣಗಳ ಮೂತ್ರಕೋಶದ ದಾರಿಯಲ್ಲಿ ಹೊರಬಿದ್ದು ಮಳೆನೀರಿಗೆ ಸೇರುತ್ತದೆ. ಕಾಲಿನ ತರಚು ಗಾಯದಿಂದಲೋ, ಕಣ್ಣು ಬಾಯಿಗಳ ತೆಳುಪೊರೆಯಿಂದಲೋ ನಾಯಿಯ ರಕ್ತಕ್ಕೆ ಇಳಿದು ಮೂತ್ರಪಿಂಡ, ಯಕೃತ್ತುಗಳನ್ನು ಹಿಡಿಯುತ್ತದೆ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ನಂತರ ಮನುಷ್ಯರಲ್ಲಿ ಈ ಜ್ವರ ಹಬ್ಬಿದ್ದು ಈ ಊರಿನ ಹಳಬರಿಗೆಲ್ಲ ನೆನಪಿದೆ.

ಲಸಿಕೆಯಿದೆ. ಮೊದಲ ಸಲ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ವರ್ಷದ ಡೋಸನ್ನು ಮೇ ತಿಂಗಳಲ್ಲೇ ಹಾಕಿಸಿ, ಜೂನಿನ ಮಳೆಗೆ ಮೈ ಸಿದ್ಧವಾಗಿರಲಿ. ಆದರೆ ಲಸಿಕೆ ರೋಗಾಣುವಿನ ಕೆಲವೇ ಬಗೆಗಳನ್ನು ತಡೆಯುತ್ತದೆ. ಆದ್ದರಿಂದ ನಿಂತ ನೀರು ಕುಡಿಯಲು ಬಿಡಬೇಡಿ, ಮಳೆಯಲ್ಲಿ ತಿರುಗಿ ಬಂದ ಮೇಲೆ ಕಾಲು ತೊಳೆದು ಬೆರಳ ಸಂದುಗಳನ್ನು ಒರೆಸಿ. ಅಲ್ಲೇ ಉಣ್ಣಿಗಳೂ ಸಿಗುತ್ತವೆ. ಕಿವಿಯ ಮಡಿಕೆಯನ್ನೂ ನೋಡಿ. ಜ್ವರ, ವಾಂತಿ, ಊಟ ಬಿಡುವುದು, ಮೂತ್ರ ವಿಪರೀತ ಹೆಚ್ಚುವುದು ಇಲ್ಲವೇ ನಿಲ್ಲುವುದು, ಒಸಡು ಹಳದಿಯಾಗುವುದು ಕಂಡರೆ ಅಂದೇ ಪಶುವೈದ್ಯರಲ್ಲಿಗೆ. ನಾಯಿಯಿಂದ ಮನೆಯವರಿಗೂ ಇದು ಹರಡಬಲ್ಲದು: ಕೈಗವಸಿಲ್ಲದೆ ಅದರ ಮೂತ್ರ ಮುಟ್ಟಬೇಡಿ, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ನೆಲ ಒರೆಸಿ.

ಸೊಸೈಟಿಯವರು ಇಲಿ ಪಾಷಾಣ ಎಲ್ಲೆಲ್ಲಿ ಇಟ್ಟಿದ್ದಾರೆಂದು ವಾಚ್‌ಮನ್‌ನನ್ನು ಕೇಳಿಟ್ಟುಕೊಳ್ಳಿ. ಬ್ರೊಮಾಡಿಯೊಲೋನ್‌ನಂಥ ಪಾಷಾಣ ತಿಂದ ನಾಯಿ ಎರಡು ಮೂರು ದಿನ ಸರಿಯಾಗೇ ಇರುತ್ತದೆ, ಆಮೇಲೆ ಒಳಗೊಳಗೇ ರಕ್ತ ಸೋರತೊಡಗುತ್ತದೆ. ವಿಟಮಿನ್ ಕೆ1 ಬೇಗ ಸಿಕ್ಕರೆ ಉಳಿಯುತ್ತದೆ.

ಊಟ ಸರಳ. 6 ಕಿಲೋ ತೂಗುವ ನಾಯಿಗೆ ದಿನಕ್ಕೆ 400ರಿಂದ 450 ಕ್ಯಾಲೊರಿ ಸಾಕು. ಬರೀ ಮೊಸರನ್ನ ಹಾಕಿದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲದು. ಈರುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಒರಟು ಕೂದಲಿನ ನಾಯಿಯಾದರೆ ಸತ್ತ ಕೂದಲನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಕೀಳಬೇಕು. ಟ್ರಿಮ್ಮರ್ ಹಾಕಿದರೆ ಕೂದಲು ಮೆತ್ತಗಾಗಿ ನೀರು ಹೀರತೊಡಗುತ್ತದೆ, ಮಳೆಗಾಲದಲ್ಲಿ ಮೈ ಒಣಗುವುದೇ ಇಲ್ಲ.

ಎಂಟು ವಾರ ತುಂಬದ ಮರಿಯನ್ನು ಮಾರುವುದು ನಾಯಿ ಸಾಕಣೆ, ಮಾರಾಟದ ಕುರಿತ 2017ರ ನಿಯಮಗಳ ಪ್ರಕಾರ ಕಾನೂನುಬಾಹಿರ. ಅಂಥವರ ಬಳಿ ಹೋಗಲೇಬೇಡಿ. ತಂದೆತಾಯಿಗಳ ಕಣ್ಣಿನ ಡಿಎನ್ಎ ಪರೀಕ್ಷೆಯ ವರದಿ ಕೇಳಿ. ಈ ತಳಿಯಲ್ಲಿ ಕಣ್ಣಿನ ಮಸೂರವನ್ನು ಹಿಡಿದಿಟ್ಟ ಎಳೆಗಳು ಹರಿದು ಮಸೂರ ಜಾರುವ ವಂಶಪಾರಂಪರ್ಯ ಕಾಯಿಲೆಯುಂಟು, ಹೆಚ್ಚಾಗಿ ಮೂರರಿಂದ ಎಂಟು ವರ್ಷದೊಳಗೆ. ಕಣ್ಣು ಕೆಂಪಾಗಿ, ನೀಲಿ ಮಬ್ಬು ಕವಿದು, ನಾಯಿ ಕಣ್ಣು ಕಿರಿದು ಮಾಡಿ ಮೂಲೆ ಸೇರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಒಳಗಿನ ಒತ್ತಡ ಗಂಟೆಗಳೊಳಗೆ ದೃಷ್ಟಿಯನ್ನೇ ಕಳೆಯಬಲ್ಲದು. ರಾತ್ರಿ ಹನ್ನೊಂದಾದರೂ ಟ್ಯಾಕ್ಸಿ ಕರೆಯಿರಿ.