ಶಾಲೆಯ ಮಳೆಕೊಯ್ಲು ಕೆಟ್ಟು ನಿಂತಿದೆ, ಮಕ್ಕಳ ಕೈಯಿಂದಲೇ ಸರಿಮಾಡಿಸಬಹುದೇ?

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮೂರು ವರ್ಷದ ಹಿಂದೆ ದಾನಿಗಳು ಮಳೆಕೊಯ್ಲು ಮಾಡಿಸಿಕೊಟ್ಟರು. ಪೈಪು, ಫಿಲ್ಟರ್ ಡ್ರಮ್ಮು, ಸಂಪು ಎಲ್ಲ ಇದೆ. ಆದರೆ ಸಂಪಿಗೆ ನೀರು ಬರುವುದಿಲ್ಲ, ಬಂದರೂ ಕೆಸರು. ಇಕೋ ಕ್ಲಬ್ ಮಕ್ಕಳಿಂದ ಇದನ್ನು ಸರಿಮಾಡಿಸಿ, ಹಾಗೇ ಪಾಠವನ್ನೂ ಮಾಡಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಕೆಟ್ಟು ನಿಂತಿರುವ ಮಳೆಕೊಯ್ಲು ಹೊಸದಕ್ಕಿಂತ ಒಳ್ಳೆಯ ಪಾಠ, ಏಕೆಂದರೆ ನೀರು ಎಲ್ಲಿ ತಪ್ಪಿಸಿಕೊಳ್ಳುತ್ತಿದೆ ಎಂದು ಮಕ್ಕಳೇ ಹುಡುಕಬೇಕಾಗುತ್ತದೆ.

ಮೊದಲು ಕೆಡುವುದೇಕೆ ಎಂದು ತಿಳಿಯೋಣ. ಬೆಂಗಳೂರಿನಲ್ಲಿ ಜೋರು ಮಳೆ ಹೆಚ್ಚಾಗಿ ಸಂಜೆ, ರಾತ್ರಿ ಸುರಿಯುತ್ತದೆ. ಅಷ್ಟು ಹೊತ್ತಿಗೆ ಶಾಲೆಗೆ ಬೀಗ ಬಿದ್ದಿರುತ್ತದೆ. ತಾರಸಿಯ ಮೊದಲ ಕೊಳೆನೀರನ್ನು ಹೊರಬಿಡುವ ವಾಲ್ವು ತೆರೆದಿಟ್ಟು ಹೋದರೆ ಇಡೀ ಮಳೆ ಚರಂಡಿ ಪಾಲು. ಮುಚ್ಚಿಟ್ಟು ಹೋದರೆ ಧೂಳು, ಎಲೆ, ಪಾರಿವಾಳದ ಹಿಕ್ಕೆ ಎಲ್ಲ ಫಿಲ್ಟರಿಗೆ. ಮನೆಯಲ್ಲಾದರೆ ಯಾರಾದರೂ ಕೊಡೆ ಹಿಡಿದು ಹೋಗಿ ವಾಲ್ವು ತಿರುಗಿಸುತ್ತಾರೆ. ಶಾಲೆಯಲ್ಲಿ ಯಾರಿದ್ದಾರೆ? ಆದ್ದರಿಂದ ಸಂಜೆಯ ಕೆಲಸ ತಾನಾಗಿ ನಡೆಯುವಂತಿರಬೇಕು, ಮಕ್ಕಳ ಪಾಲಿನದು ಬೆಳಗಿನ ಕೆಲಸವಾಗಬೇಕು.

ದುರಸ್ತಿಗೆ ಮೊದಲು ಅರಿಶಿನದ ಪರೀಕ್ಷೆ ಮಾಡಿಸಿ. ಒಂದು ಬಕೆಟ್ ನೀರಿಗೆ ಒಂದು ಚಮಚ ಅರಿಶಿನ ಕಲಸಿ, ತಾರಸಿಯ ನೀರು ಇಳಿಯುವ ತೂತಿಗೆ ದೊಡ್ಡವರೊಬ್ಬರು ಸುರಿಯಲಿ. ಮಕ್ಕಳು ಕೆಳಗೆ ಪೈಪಿನ ಒಂದೊಂದು ಜಾಯಿಂಟಿನ ಬಳಿ ನಿಂತು ನೋಡಲಿ. ನೀರು ಮೇಲೇ ನಿಂತರೆ ಜಾಲರಿ ಕಟ್ಟಿಕೊಂಡಿದೆ. ನಡುವೆ ಗೋಡೆ ಹಳದಿಯಾದರೆ ಜಾಯಿಂಟು ಬಿಟ್ಟಿದೆ. ಡ್ರಮ್ಮಿನ ಮೇಲ್ಭಾಗದವರೆಗೂ ಬಂದು ಅಲ್ಲೇ ನಿಂತರೆ ತಪ್ಪು ಫಿಲ್ಟರಿನದು. ಎಲ್ಲ ತೂತುಗಳಿಗೂ ಹೀಗೆ ಮಾಡಿ, ಕಂಡದ್ದನ್ನು ಶಾಲೆಯ ನಕ್ಷೆಯ ಮೇಲೆ ಬರೆಸಿ.

ಹೆಚ್ಚಿನ ಕಡೆ ತಪ್ಪು ಫಿಲ್ಟರಿನಲ್ಲೇ ಇರುತ್ತದೆ. 200 ಲೀಟರಿನ ಡ್ರಮ್ಮಾದರೆ ಒಳಗಿನದನ್ನೆಲ್ಲ ಮಗ್ಗುಗಳಲ್ಲಿ ತೆಗೆಸಿ. ಮರಳೊಂದೇ ಸುಮಾರು 100 ಕೆಜಿ ಇರುತ್ತದೆ, ಡ್ರಮ್ಮನ್ನು ಬಗ್ಗಿಸಲು ಹೋಗಬೇಡಿ. ಮರಳಿನ ಮೇಲ್ಪದರವನ್ನು ಬೆರಳಿಂದ ಕೆದಕಿದರೆ ಕಪ್ಪು ಜಿಡ್ಡಿನ ಹಕ್ಕಳೆ ಎದ್ದುಬರುತ್ತದೆ. ನೀರನ್ನು ತಡೆಯುವುದು ಅದೇ, ಕೆಳಗಿನ ಜಲ್ಲಿ ಅಷ್ಟು ಕೆಟ್ಟಿರುವುದಿಲ್ಲ. ಮರಳನ್ನು ತೊಳೆದ ನೀರು ತಿಳಿಯಾಗುವವರೆಗೂ ತೊಳೆಸಿ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು ಹಾಕಿದ್ದರೆ ಇನ್ನೂ ಹೆಚ್ಚು ತೊಳೆಯಬೇಕು. ಅದರಲ್ಲಿರುವ ಕಲ್ಲಿನ ಪುಡಿಯೇ ಕೆಳಗಿಳಿದು ಸಂಪಿನಲ್ಲಿ ಕೆಸರಾಗುತ್ತದೆ. ನಿಮ್ಮಲ್ಲಿ ಆಗಿರುವುದೂ ಬಹುಶಃ ಇದೇ.

ಮತ್ತೆ ತುಂಬುವಾಗ ತಳದಲ್ಲಿ 40 ಎಂಎಂ ಜಲ್ಲಿ 20 ಸೆಂ.ಮೀ., ಅದರ ಮೇಲೆ 20 ಎಂಎಂ ಜಲ್ಲಿ 15 ಸೆಂ.ಮೀ., ನೈಲಾನ್ ಬಲೆ, ದಪ್ಪ ಮರಳು 25 ಸೆಂ.ಮೀ., ಮತ್ತೆ ಬಲೆ, ಕೊನೆಗೆ 5 ಸೆಂ.ಮೀ. ಜಲ್ಲಿ ಬರಲಿ. ಈ ಮೇಲಿನ ಜಲ್ಲಿಯನ್ನು ಬಿಟ್ಟರೆ ಬೀಳುವ ನೀರು ಮರಳಿನಲ್ಲಿ ಗುಂಡಿ ಮಾಡಿಕೊಂಡು ಸೋಸದೆಯೇ ಇಳಿದುಬಿಡುತ್ತದೆ. ತುಂಬಿದ ದಿನವೇ 10 ಲೀಟರಿನ ಬಕೆಟ್ ಸುರಿದು, ಇಳಿಯಲು ಎಷ್ಟು ಸೆಕೆಂಡು ಬೇಕು ಎಂದು ಡ್ರಮ್ಮಿನ ಮೇಲೇ ಪೇಂಟಿನಲ್ಲಿ ಬರೆಸಿ. ತಿಂಗಳಿಗೊಮ್ಮೆ ಇದೇ ಪರೀಕ್ಷೆ ನಡೆಯಲಿ. ಹೊತ್ತು ಮೂರು ಪಟ್ಟಾದಾಗ ಮತ್ತೆ ತೊಳೆಯುವ ಕಾಲ ಬಂತು ಎಂದರ್ಥ.

ಇನ್ನು ಸಂಜೆಯ ಸಮಸ್ಯೆ. 4 ಇಂಚಿನ ಪೈಪೊಂದನ್ನು ಕೆಳಗೆ ಮುಚ್ಚಿ ನಿಲ್ಲಿಸಿ, ಕೊಳೆನೀರಿಗೆ ಅದೇ ಸಾಕು ಎಂದು ಬಿಡುವವರಿದ್ದಾರೆ. ಅಂಥ ಪೈಪಿನ ಒಂದು ಮೀಟರಿನಲ್ಲಿ ಹಿಡಿಯುವುದು ಸುಮಾರು 8 ಲೀಟರು ಮಾತ್ರ. ತಾರಸಿ 60 ಅಡಿಗೆ 30 ಅಡಿ, ಅಂದರೆ ಸುಮಾರು 167 ಚದರ ಮೀಟರ್ ಇದ್ದರೆ, 1 ಮಿ.ಮೀ. ಮಳೆಗೇ 167 ಲೀಟರ್ ನೀರು ಬರುತ್ತದೆ. ಬದಲಿಗೆ, ಮೇಲ್ಭಾಗ ಮುಚ್ಚಿದ 200 ಲೀಟರಿನ ಇನ್ನೊಂದು ಡ್ರಮ್ಮು ತನ್ನಿ. ಇಳಿಯುವ ಪೈಪಿಗೆ ಟೀ (ಮೂರು ಬಾಯಿಯ ಜಾಯಿಂಟು) ಜೋಡಿಸಿ, ಕೆಳಬಾಯಿ ಈ ಡ್ರಮ್ಮಿಗೆ, ಅಡ್ಡಬಾಯಿ ಫಿಲ್ಟರಿಗೆ ಹೋಗುವಂತೆ ಪ್ಲಂಬರ್ ಕೈಲಿ ಕೂರಿಸಿ. ಟೀಯ ಅಡ್ಡಬಾಯಿ ಎರಡೂ ಡ್ರಮ್ಮುಗಳ ತಲೆಗಿಂತ ತುಸು ಮೇಲಿರಬೇಕು, ಪೈಪು ಸೇರುವ ಜಾಗ ಸೋರಬಾರದು. ಮೊದಲ ಕೊಳೆನೀರು ಡ್ರಮ್ಮನ್ನು ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ಬರುವ ನೀರು ತಾನಾಗಿ ಫಿಲ್ಟರಿನ ಕಡೆ ತಿರುಗುತ್ತದೆ. ತಳದಲ್ಲೊಂದು ನಲ್ಲಿ ಇರಲಿ. ಬೆಳಿಗ್ಗೆ ಮಕ್ಕಳು ಆ ನೀರನ್ನು ಗಿಡಗಳಿಗೆ ಬಿಟ್ಟು, ನಲ್ಲಿಯನ್ನು ಮತ್ತೆ ಮುಚ್ಚಬೇಕು. ಡ್ರಮ್ಮು ಖಾಲಿ ಮಾಡುವುದನ್ನು ಮರೆತರೆ ಅಂದಿನ ಸಂಜೆಯ ಕೊಳೆಯೆಲ್ಲ ನೇರ ಫಿಲ್ಟರಿಗೆ ಹೋಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ವಾರಕ್ಕಿಬ್ಬರ ಹೆಸರು ಹಚ್ಚಿ.

ಎಷ್ಟು ನೀರು ಬರಬೇಕಿತ್ತು ಎಂದು ಲೆಕ್ಕ ಹಾಕಲು ಮಳೆಯನ್ನೂ ಅಳೆಯಬೇಕು. ಮಳೆಮಾಪಕ ಮಾಡುವುದು ಸುಲಭ. ಎಲ್ಲ ಕಡೆ ಒಂದೇ ಅಗಲವಿರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಗೆ ಬೆಣಚುಕಲ್ಲು, ನೀರು ತುಂಬಿ, ನೇರ ಭಾಗ ಶುರುವಾಗುವಲ್ಲಿ ಸೊನ್ನೆ ಗುರುತು ಹಾಕಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ನೀವು ಪ್ರಾರ್ಥನೆಗೆ ಮೊದಲು ಅಳೆದರೂ ಸರಿ, ದಿನಾ ಅದೇ ಹೊತ್ತಿರಲಿ. ಮೇಲೆ ಹೇಳಿದ 167 ಚದರ ಮೀಟರಿನ ತಾರಸಿಯ ಮೇಲೆ ರಾತ್ರಿ 20 ಮಿ.ಮೀ. ಬಿದ್ದಿದ್ದರೆ, ಅದು ಹೀರಿಕೊಂಡದ್ದು, ಸಿಡಿದು ಹೋದದ್ದು ಕಳೆದು ಶೇ. 85 ಹಿಡಿದರೂ 2,800 ಲೀಟರಿಗಿಂತ ಹೆಚ್ಚು. ಬೆಂಗಳೂರಿನ ವರ್ಷದ ಸರಾಸರಿ ಮಳೆ ಸುಮಾರು 970 ಮಿ.ಮೀ. ಈ ಒಂದು ತಾರಸಿಯ ವರ್ಷದ ಲೆಕ್ಕ 1.3 ಲಕ್ಷ ಲೀಟರ್ ದಾಟುತ್ತದೆ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರಿನ ಪಕ್ಕದಲ್ಲಿ ಈ ಅಂಕಿಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿ.

ಜೋರು ಮಳೆಯಲ್ಲಿ ಫಿಲ್ಟರ್ ತುಂಬಿ ಹರಿಯುವುದು ಸಹಜ. ಹಾಗೆ ಉಕ್ಕಿದ ನೀರು ಹೊರಹೋಗುವ ಪೈಪು ಒಳಬರುವ ಪೈಪಿನಷ್ಟೇ ದಪ್ಪವಿರಲಿ, ಅದರ ನೀರು ಇಂಗುಬಾವಿಗೆ, ಅಂದರೆ ನೀರನ್ನು ನೆಲಕ್ಕೆ ಇಂಗಿಸುವ ಬಾವಿಗೆ ಹೋಗಲಿ. 3 ಅಡಿ ಅಗಲ, 20 ಅಡಿ ಆಳದ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ತೋಡುವ ಕೆಲಸ ಮಕ್ಕಳದಲ್ಲ. ಬಾವಿ ತೋಡುವುದೇ ಕಸುಬಾದ ಮಣ್ಣು ವಡ್ಡರು ಈ ನಗರದ ಮಣ್ಣನ್ನು ತಲೆಮಾರುಗಳಿಂದ ಬಲ್ಲವರು, ಅವರನ್ನೇ ಕರೆಸಿ, ಮಕ್ಕಳು ದೂರ ನಿಂತು ನೋಡಲಿ. ಶೌಚಾಲಯದ ಗುಂಡಿಯಿಂದ ಬಾವಿ ಸಾಕಷ್ಟು ದೂರವಿರಬೇಕು, ಬಾಯಿಗೆ ಕಬ್ಬಿಣದ ಜಾಲರಿ ಇರಲೇಬೇಕು.

ಸಂಪಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಮುಚ್ಚಳಕ್ಕೆ ಬೀಗ ಇರಲಿ, ಮಕ್ಕಳು ಒಳಗಿಳಿಯುವ ಮಾತೇ ಇಲ್ಲ. ನೀರು ಶೌಚಾಲಯಕ್ಕೆ, ಗಿಡಕ್ಕೆ, ನೆಲ ತೊಳೆಯಲು ಮಾತ್ರ. ಕುಡಿಯುವ ನೀರಿನ ಸಂಪು ಬೇರೆಯೇ ಇರಬೇಕು. ಗಾಳಿಪೈಪು, ಹೊರಹರಿವಿನ ಪೈಪುಗಳ ಬಾಯಿಗೆ ಸೊಳ್ಳೆ ಬಲೆ ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರ, ಹತ್ತು ದಿನ ಸಾಕು. ಪ್ರತಿ ಶುಕ್ರವಾರ ಕೊಳೆನೀರಿನ ಡ್ರಮ್ಮಿನಿಂದ ಒಂದಿಷ್ಟು ನೀರನ್ನು ಬಿಳಿ ತಟ್ಟೆಗೆ ಬಿಟ್ಟು, ಹೊರಳಾಡುವ ಮರಿಹುಳು ಕಾಣುತ್ತದೆಯೇ ಎಂದು ಮಕ್ಕಳಿಂದ ನೋಡಿಸಿ.

ಇದನ್ನೆಲ್ಲ ಜೂನ್‌ವರೆಗೆ ಕಾಯಿಸಬೇಡಿ. ಬೆಂಗಳೂರಿನಲ್ಲಿ ಮುಂಗಾರಿಗೆ ಮೊದಲೇ, ಏಪ್ರಿಲ್ ಮೇ ತಿಂಗಳಲ್ಲಿ ಗುಡುಗಿನ ಮಳೆ ಬರುತ್ತದೆ, ಆಗ ಶಾಲೆಗೆ ಬೇಸಿಗೆ ರಜೆ. ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿದ ವಾರವೇ ತಾರಸಿ ಗುಡಿಸಿ, ಮರಳು ತೊಳೆದು ಮುಗಿಸಿ. ರಜೆಯಲ್ಲಿ ನಲ್ಲಿ ಬಿಡಲು ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಶಾಲೆಯ ಹತ್ತಿರವೇ ಮನೆಯಿರುವ ಒಬ್ಬರನ್ನು ಒಪ್ಪಿಸಿ. ಮಕ್ಕಳನ್ನು ಜಯನಗರದಲ್ಲಿ ಜಲಮಂಡಳಿ ಮಾಡಿರುವ ಮಳೆನೀರು ಕೊಯ್ಲು ಉದ್ಯಾನಕ್ಕೆ ಕರೆದೊಯ್ಯುವುದಿದ್ದರೆ ಅದಕ್ಕೂ ಇದೇ ಸಮಯ.

ರಿಜಿಸ್ಟರಿನಲ್ಲಿ ನಾಲ್ಕು ಕಾಲಂ ಇರಲಿ: ತಾರೀಖು, ಮಳೆ ಎಷ್ಟು ಮಿ.ಮೀ., ಲೆಕ್ಕದ ಪ್ರಕಾರ ಎಷ್ಟು ಲೀಟರು, ಸಂಪಿಗೆ ನಿಜವಾಗಿ ಎಷ್ಟು ಬಂತು. ಕೊನೆಯದನ್ನು ಶಿಕ್ಷಕರು ಗುರುತು ಹಾಕಿದ ಕೋಲು ಇಳಿಸಿ ಅಳೆಯಬೇಕು. ತಳ 2 ಮೀಟರಿಗೆ 2 ಮೀಟರ್ ಇರುವ ಸಂಪಿನಲ್ಲಿ 1 ಸೆಂ.ಮೀ. ಏರಿದರೆ 40 ಲೀಟರ್. ಡ್ರಮ್ಮಿಗೆ ಹೋದ 200 ಲೀಟರ್ ಕಳೆದ ಮೇಲೂ, ಸಂಪು ತುಂಬದ ದಿನಗಳಲ್ಲೇ ಎರಡು ಅಂಕಿಗಳ ಅಂತರ ಬೆಳೆಯುತ್ತಾ ಹೋದರೆ, ಅರಿಶಿನದ ಬಕೆಟ್ ಮತ್ತೆ ತಾರಸಿ ಹತ್ತಲಿ.