ಸೆಗಾ ಕಟ್ಟಿದ ಹೆಸರು, ಸೆಗಾ ಕೆಡಿಸಿಕೊಂಡ ಹೆಸರು

1989ರ ಆಗಸ್ಟ್‌ನಲ್ಲಿ ಜಪಾನಿನ ಗೇಮ್ ಕಂಪನಿ ಸೆಗಾ, ಟಿವಿಗೆ ಜೋಡಿಸಿ ಆಡುವ ತನ್ನ ಜೆನೆಸಿಸ್ ಕನ್ಸೋಲನ್ನು ಅಮೆರಿಕದ ಅಂಗಡಿಗಳಿಗೆ ತಂದಾಗ, ಅಲ್ಲಿ ವಿಡಿಯೊ ಗೇಮ್ ಅಂದರೆ ನಿಂಟೆಂಡೊ ಎಂಬಷ್ಟು ಆ ಹೆಸರು ಬೇರೂರಿತ್ತು. ಎದುರಾಳಿಯ ಬಲವನ್ನೇ ಸೆಗಾ ಹಂಗಿಸಿತು: ಅದು ಚಿಕ್ಕ ಮಕ್ಕಳ ಆಟಿಕೆ, ನಮ್ಮದು ಅವರ ಅಣ್ಣಂದಿರದು. 1991ರಲ್ಲಿ ಬೆಲೆಯನ್ನು 149 ಡಾಲರಿಗೆ ಇಳಿಸಿ, ಡಬ್ಬದೊಳಗೇ ಸೋನಿಕ್ ಎಂಬ ನೀಲಿ ಮುಳ್ಳುಹಂದಿ ಓಡುವ ಗೇಮ್ ಇಟ್ಟು ಕೊಟ್ಟಿತು. ಆಗಷ್ಟೇ ಬಂದ ಸೂಪರ್ ನಿಂಟೆಂಡೊಗೆ 199 ಡಾಲರ್.

ಜಾಹೀರಾತಿನಲ್ಲಿ ಮೊಳಗಿದ್ದು ‘ಬ್ಲಾಸ್ಟ್ ಪ್ರೊಸೆಸಿಂಗ್’, ಅಂದರೆ ನಮ್ಮ ಯಂತ್ರವೇ ಹೆಚ್ಚು ವೇಗದ್ದು ಎಂಬ ಮಾತು. ಜೆನೆಸಿಸ್‌ನ ಮೊಟೊರೊಲಾ 68000 ಚಿಪ್‌ನ ವೇಗ 7.67 ಮೆಗಾಹರ್ಟ್ಸ್, ಸೂಪರ್ ನಿಂಟೆಂಡೊದ್ದು ಹೆಚ್ಚೆಂದರೆ 3.58. ಎರಡು ಪಟ್ಟು ಅನ್ನಿಸುತ್ತದಲ್ಲವೇ? ಆದರೆ 68000ಕ್ಕೆ ತೀರಾ ಸಣ್ಣ ಆದೇಶ ಮುಗಿಸಲೂ ಕ್ಲಾಕ್ ನಾಲ್ಕು ಸಲ ಮಿಡಿಯಬೇಕು, ಇನ್ನೊಂದಕ್ಕೆ ಎರಡು ಸಲ ಸಾಕು. ಬಣ್ಣದಲ್ಲಂತೂ ಸೆಗಾ ಹಿಂದೆ: ಪರದೆಯ ಮೇಲೆ ಸಾಮಾನ್ಯವಾಗಿ ಒಮ್ಮೆಗೆ 64 ಬಣ್ಣ, ಎದುರಾಳಿಗೆ 256. ಕೊಳ್ಳುವವರು ಮಿಡಿತ ಎಣಿಸುತ್ತ ಕೂರಲಿಲ್ಲ. ಸೋನಿಕ್ ಸುರುಳಿ ಸುತ್ತಿಕೊಂಡು ಇಳಿಜಾರಿನಲ್ಲಿ ನುಗ್ಗುವುದು ಕಂಡಿತು, ಜಾಹೀರಾತಿನ ಮಾತು ನಿಜವೆನ್ನಿಸಿತು.

‘ಅಣ್ಣಂದಿರದು’ ಎಂಬ ಹೆಸರು ಮಾರಾಟ ಮಾಡಿಸಿತು ಎಂಬುದಕ್ಕೆ 1993ರ ಹೊಡೆದಾಟದ ಗೇಮ್ ‘ಮಾರ್ಟಲ್ ಕಾಂಬ್ಯಾಟ್’ ಇನ್ನೊಂದು ಸಾಕ್ಷಿ. ನಿಂಟೆಂಡೊ ರಕ್ತವನ್ನು ಬೂದು ಬೆವರು ಮಾಡಿಸಿತು. ಜೆನೆಸಿಸ್‌ನಲ್ಲಿ ಎ, ಬಿ, ಎ, ಸಿ, ಎ, ಬಿ, ಬಿ ಎಂದು ಗುಂಡಿ ಒತ್ತಿದರೆ ಕೆಂಪು ರಕ್ತ ಹಾರುತ್ತಿತ್ತು. ಮಾರಾಟದಲ್ಲಿ ಸೆಗಾ ಆವೃತ್ತಿಯೇ ಮುಂದಾಯಿತು. ಮರುವರ್ಷ ಎರಡನೇ ಭಾಗಕ್ಕೆ ನಿಂಟೆಂಡೊವೂ ರಕ್ತ ಬಿಟ್ಟಿತು.

ಹೆಸರು ಕೆಟ್ಟದ್ದು ಸ್ವಂತ ಆತುರದಿಂದ. 1994ರ ನವೆಂಬರಿನಲ್ಲಿ ಜೆನೆಸಿಸ್ ಮೇಲೆ ಕೂರಿಸುವ 32ಎಕ್ಸ್ ಎಂಬ ಜೋಡಣೆಯನ್ನು 159 ಡಾಲರಿಗೆ ಮಾರಿತು. ಆರು ತಿಂಗಳೊಳಗೆ, 1995ರ ಮೇ 11ರಂದು, ಗೇಮ್ ಉದ್ಯಮದ ಮೇಳವೊಂದರಲ್ಲಿ, ತನ್ನ ಹೊಸ ಕನ್ಸೋಲ್ ಸ್ಯಾಟರ್ನ್ ಅಂಗಡಿಗೆ ಬಂದಾಯಿತು ಎಂದು ಘೋಷಿಸಿತು. ಹೇಳಿದ್ದು ಸೆಪ್ಟೆಂಬರ್ 2ಕ್ಕೆ! 32ಎಕ್ಸ್ ಕೊಂಡವರು ಬೇಸ್ತುಬಿದ್ದರು. ಸೆಪ್ಟೆಂಬರ್ ನಂಬಿದ್ದ ಗೇಮ್ ತಯಾರಕರ ಕೈಯಲ್ಲಿ ಮುಗಿದ ಗೇಮ್ ಇರಲಿಲ್ಲ. ಮಾಲು ಸಿಕ್ಕಿದ್ದು ಆಯ್ದ ನಾಲ್ಕು ಮಳಿಗೆ ಸರಪಳಿಗಳಿಗೆ ಮಾತ್ರ; ಹೊರಗುಳಿದ ಕೇಬಿ ಟಾಯ್ಸ್ ಸಿಟ್ಟಿಗೆದ್ದು ಸ್ಯಾಟರ್ನನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಬೆಲೆ 399 ಡಾಲರ್. ಅದೇ ದಿನ ಅದೇ ಮೇಳದ ವೇದಿಕೆಯಲ್ಲಿ ಸೋನಿ ಕಂಪನಿಯ ಸ್ಟೀವ್ ರೇಸ್ ‘299’ ಎಂದಷ್ಟೇ ಹೇಳಿ ಇಳಿದುಹೋದರು. ಅದು ಸೋನಿಯ ಕನ್ಸೋಲ್ ಪ್ಲೇಸ್ಟೇಷನ್ ಬೆಲೆ. ‘ಅಣ್ಣಂದಿರ ಯಂತ್ರ’ ಎಂಬ ಪಟ್ಟವೂ ಅದರ ಪಾಲಾಯಿತು.

1999ರಲ್ಲಿ ಸೆಗಾ ತಂದ ಡ್ರೀಮ್‌ಕಾಸ್ಟ್ ಒಳ್ಳೆಯ ಯಂತ್ರ, 199 ಡಾಲರಿಗೆ ಅಗ್ಗವೇ. ಆದರೂ ಎಷ್ಟೋ ಜನ ಡಿವಿಡಿ ಸಿನಿಮಾವನ್ನೂ ತೋರಿಸುವ ಪ್ಲೇಸ್ಟೇಷನ್ 2ಕ್ಕೆ ಕಾದು ಕೂತರು. 2001ರ ಮಾರ್ಚ್‌ಗೆ ಸೆಗಾ ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸಿತು. ಅದೇ ಡಿಸೆಂಬರಿನಲ್ಲಿ ಜಪಾನಿನ ಅಂಗಡಿಗಳಲ್ಲಿ ಸೋನಿಕ್ ಓಡುತ್ತಿದ್ದದ್ದು ನಿಂಟೆಂಡೊದ ಗೇಮ್‌ಕ್ಯೂಬ್‌ನಲ್ಲಿ.